ಓದುಗರ ಪ್ರಶ್ನೆ, ನಮ್ಮ ಉತ್ತರ: ಜಮೈಕಾದ ಜನ ಎಲ್ಲಿಂದ ಬಂದವರು?

ಪ್ರಶ್ನೆ: ಜಮೈಕಾ ಎಂದೊಡನೆ ಬಾಬ್ ಮಾರ್ಲಿ, ಉಸೇನ್ ಬೋಲ್ಟ್ ಮತ್ತು ಬೆಂಗಳೂರಿನಲ್ಲಿ 175 ರನ್ ಸಿಡಿಸಿದ ಕ್ರಿಸ್ ಗೇಲ್ ನೆನಪಾಗುತ್ತಾರೆ. ಆದರೆ ಅಲ್ಲಿ ಪ್ರಧಾನಿಯಾಗಿದ್ದ ಎಡ್ವರ್ಡ್ ಸಿಯಾಗಾ ಲೆಬನಾನ್ ಮೂಲದವರೆಂದು ಓದಿದೆ. ಚಿಕ್ಕ ದ್ವೀಪವೊಂದರಲ್ಲಿ ಇಷ್ಟು ಬಗೆಯ ಜನ ನೆಲೆಸಿದ್ದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಪ್ರಮಾಣವನ್ನು ಗಮನಿಸಬೇಕು. 2011ರ ಜನಗಣತಿಯಂತೆ ಜಮೈಕಾದ ಶೇ 92ರಷ್ಟು ಜನ ಆಫ್ರಿಕನ್ ಮೂಲದವರು, ಶೇ 6ರಷ್ಟು ಮಂದಿ ಮಿಶ್ರ ಮೂಲದವರು. ಉಳಿದೆಲ್ಲ ಸಮುದಾಯಗಳೂ ಮಿಕ್ಕ ಅತ್ಯಲ್ಪ ಭಾಗದಲ್ಲೇ ಬರುತ್ತವೆ. 1962ರಲ್ಲಿ ಸ್ವತಂತ್ರವಾದ ದೇಶವು ‘ಹಲವರಿಂದ ಒಂದೇ ಜನ’ ಎಂಬ ಅರ್ಥದ ಧ್ಯೇಯವಾಕ್ಯವನ್ನು ಆರಿಸಿಕೊಂಡಿತು. ಅದು ಉದಾತ್ತವಾದ ಮಾತೇ ಹೌದು. ಆದರೆ ಆ ಹಲವರು ಸಮಾನ ಸಂಖ್ಯೆಯಲ್ಲಾಗಲಿ, ಸಮಾನ ಸ್ಥಿತಿಯಲ್ಲಾಗಲಿ ಬಂದವರಲ್ಲ ಎಂಬುದನ್ನು ಮರೆತರೆ ಆ ದೇಶ ನಮಗೆ ಅರ್ಥವಾಗುವುದಿಲ್ಲ.

ಮೂಲನಿವಾಸಿಗಳಾದ ಟೈನೊ ಜನರು ಸ್ಪೇನಿನ ಆಳ್ವಿಕೆಯಲ್ಲಿ ಬಹುತೇಕ ನಾಶವಾದರು. 1655ರಲ್ಲಿ ದ್ವೀಪವನ್ನು ಗೆದ್ದ ಇಂಗ್ಲಿಷರು ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡು ಬೆಟ್ಟಗಾಡು ಸೇರಿದವರು ಮರೂನರು. ಅವರು ಎಷ್ಟು ದೀರ್ಘಕಾಲ ಹೋರಾಡಿದರೆಂದರೆ, ಕೊನೆಗೆ 1739ರಲ್ಲಿ ಬ್ರಿಟಿಷರೇ ಮರೂನ್ ನಾಯಕ ಕುಜೋನೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಪೂರ್ವದ ಮರೂನರ ನಾಯಕಿ ನ್ಯಾನಿ ಇಂದು ಜಮೈಕಾದ ರಾಷ್ಟ್ರವೀರರ ಸಾಲಿನಲ್ಲಿರುವ ಏಕೈಕ ಮಹಿಳೆ. ಅಲ್ಲಿನ 500 ಡಾಲರ್ ನೋಟಿನ ಮೇಲೆ ಇರುವುದು ಆಕೆಯ ಚಿತ್ರ. ಕರಿಯರ ಆತ್ಮಗೌರವಕ್ಕಾಗಿ ದುಡಿದ, 1887ರಲ್ಲಿ ಸೇಂಟ್ ಆ್ಯನ್ಸ್ ಬೇಯಲ್ಲಿ ಜನಿಸಿದ ಮಾರ್ಕಸ್ ಗಾರ್ವಿಯವರೂ ಅದೇ ಸಾಲಿನವರು. ಜಮೈಕಾದ ಪರಿಚಯ ಈ ಹೆಸರುಗಳಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1838ರಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆ ದೊರೆತ ಬಳಿಕ, ಅಗ್ಗದ ಕೂಲಿಗಾಗಿ ತೋಟದ ಮಾಲೀಕರು ಭಾರತೀಯರನ್ನೂ 1854ರಿಂದ ಚೀನೀಯರನ್ನೂ ಕರೆತಂದರು. ಚೀನೀಯರು ಕ್ರಮೇಣ ದಿನಸಿ ಅಂಗಡಿಗಳತ್ತ ಸರಿದರು. 1962ರಲ್ಲಿ ಮಾರ್ಲಿಯವರ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ಲೆಸ್ಲಿ ಕಾಂಗ್ ಇದೇ ಸಮುದಾಯದವರು. ಲೆಬನಾನ್ ಕಡೆಯವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವ್ಯಾಪಾರಕ್ಕಾಗಿ ತಾವಾಗಿಯೇ ಬಂದವರು. 1980ರಿಂದ 1989ರವರೆಗೆ ಪ್ರಧಾನಿಯಾಗಿದ್ದ ಸಿಯಾಗಾ, ರಾಜಕೀಯಕ್ಕೆ ಬರುವ ಮುನ್ನ ಆಫ್ರೋ-ಜಮೈಕನ್ ಜನಪದ ಸಂಗೀತವನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದರು. ಇವರೆಲ್ಲರಿಗಿಂತ ಬಹಳ ಹಿಂದೆಯೇ, ಸ್ಪೇನ್-ಪೋರ್ಚುಗಲ್ ಮೂಲದ ಯಹೂದಿಗಳು ಅಲ್ಲಿ ನೆಲೆಸಿದ್ದರು.

ಪ್ರಶ್ನೆ: ಜಮೈಕಾದ ಭಾರತೀಯರ ಬಗ್ಗೆ ತಿಳಿಸುವಿರಾ? ಕಮಲಾ ಹ್ಯಾರಿಸ್ ಅವರ ಭಾರತೀಯ ಮೂಲ ಅಲ್ಲಿಯದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇ ಎಂಬಲ್ಲಿ ಹಡಗಿನಿಂದ ಮೊದಲ ಭಾರತೀಯ ಕೂಲಿಗಳು ಇಳಿದರು. 1917ರವರೆಗೆ ಹೀಗೆ ಬಂದವರು ಸುಮಾರು 36,000 ಮಂದಿ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದವರು. ಟ್ರಿನಿಡಾಡ್ ಮತ್ತು ಗಯಾನಾಗಳಿಗೆ ಹೋದವರು ದೊಡ್ಡ ಸಮುದಾಯಗಳಾಗಿ ಉಳಿದರೆ, ಜಮೈಕಾದವರು ಸಂಖ್ಯೆಯಲ್ಲಿ ಕಡಿಮೆಯಿದ್ದು ಬೇರೆ ಬೇರೆ ತೋಟಗಳಲ್ಲಿ ಚದುರಿಹೋದದ್ದರಿಂದ ಅವರ ಭಾಷೆ ಬಹುಮಟ್ಟಿಗೆ ಅಳಿಯಿತು. ಇದು ನನ್ನನ್ನು ತುಂಬ ಕಾಡುವ ನಷ್ಟ. ಆದರೂ ಅವರು ತಂದ ಮಸಾಲೆಯ ಮೇಕೆ ಮಾಂಸದ ಸಾರು ಇಂದು ಎಲ್ಲ ಜಮೈಕನ್ನರ ಸಮಾರಂಭದ ಊಟವಾಗಿದೆ. ಅವರ ಪ್ರಭಾವ ಇನ್ನೂ ಆಳಕ್ಕೆ ಇಳಿದದ್ದಕ್ಕೂ ಸಾಕ್ಷಿಯಿದೆ: ಜಮೈಕಾದ ಕರಿಯರ ನಡುವೆ ಹುಟ್ಟಿದ ಧಾರ್ಮಿಕ ಚಳವಳಿಯಾದ ರಾಸ್ತಫಾರಿ ಪಂಥದ ಆದಿಪುರುಷರಲ್ಲಿ ಒಬ್ಬರಾದ ಲೆನರ್ಡ್ ಹೊವೆಲ್, 1930ರ ದಶಕದಲ್ಲಿ ತಮ್ಮ ಬರಹಕ್ಕೆ ಬಳಸಿದ್ದು ‘ಗಂಗುಂಗುರು ಮರಾಘ್’ ಎಂಬ ಭಾರತೀಯ ಛಾಯೆಯ ಹೆಸರು. ಮೇ 10ನ್ನು ಈಗ ಅಲ್ಲಿ ಭಾರತೀಯ ಪರಂಪರೆಯ ದಿನವಾಗಿ ಆಚರಿಸುತ್ತಾರೆ.

ಕಮಲಾ ಹ್ಯಾರಿಸ್ ಅವರ ವಿಷಯ ಬೇರೆ. ಅವರ ತಂದೆ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ ಡೊನಾಲ್ಡ್ ಹ್ಯಾರಿಸ್, ಜಮೈಕಾದಲ್ಲಿ ಹುಟ್ಟಿದ ಆಫ್ರಿಕನ್ ಮೂಲದವರು. ಭಾರತದ ನಂಟು ಬಂದದ್ದು ತಮಿಳುನಾಡು ಮೂಲದ ತಾಯಿ ಶ್ಯಾಮಲಾ ಗೋಪಾಲನ್ ಅವರಿಂದ.