ಓದುಗರ ಪ್ರಶ್ನೆ: ಕಿತ್ತೂರಿನಲ್ಲಿ ಮಕ್ಕಳಿಗೆ ಏನು ತೋರಿಸಲಿ?

ಪ್ರಶ್ನೆ: ರಜೆಯಲ್ಲಿ ಬೆಳಗಾವಿಗೆ ಹೋಗುವಾಗ ದಾರಿಯಲ್ಲಿ ಮಕ್ಕಳಿಗೆ ಕಿತ್ತೂರಿನ ವಸ್ತುಸಂಗ್ರಹಾಲಯ ತೋರಿಸಬೇಕೆಂದಿದ್ದೇನೆ. ಕಳೆದ ಸಲ ಬೇರೊಂದು ಊರಿನ ಮ್ಯೂಸಿಯಂನಲ್ಲಿ ಅವರು ಬಹುಬೇಗ ಬೇಸತ್ತು ಮಾರಾಟ ಮಳಿಗೆಗೆ ಓಡಿದರು. ಅಲ್ಲಿ ಕೊಂಡ ಕೀಚೈನಿನ ಮೇಲೆ ಇದ್ದದ್ದು ತಾಜ್‌ಮಹಲಿನ ಚಿತ್ರ! ಈ ಸಲ ಹಾಗಾಗದಂತೆ ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ

ಉತ್ತರ: ಮಕ್ಕಳನ್ನು ನೇರವಾಗಿ ಮ್ಯೂಸಿಯಂನೊಳಗೆ ಕರೆದೊಯ್ಯಬೇಡಿ ತಾಯಿ. ಅದು ಇರುವುದೇ ಕೋಟೆಯ ಆವರಣದಲ್ಲಿ. ಮೊದಲು ಅರಮನೆಯ ಅವಶೇಷಗಳ ನಡುವೆ ಮನಸಾರೆ ಓಡಾಡಲಿ. ಅಲ್ಲೇ ಒಂದು ಗೋಡೆಯ ನೆರಳಿನಲ್ಲಿ ಕೂತು ಕಥೆ ಹೇಳಿ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಕಂಪನಿ ಸರ್ಕಾರ ದತ್ತುಪುತ್ರನನ್ನು ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಸೇನೆಯೊಂದಿಗೆ ಕೋಟೆಯ ಬಾಗಿಲಿಗೆ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ರಾಣಿ ಚೆನ್ನಮ್ಮನ ಪಡೆಯ ಕೈಯಲ್ಲಿ ಅಲ್ಲೇ ಹತನಾದ. ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಸೇನೆ ಬಂದು ಕೋಟೆ ಬಿತ್ತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕೊನೆಯುಸಿರೆಳೆದರು. ಇದನ್ನು ಮುಚ್ಚಿಡಬೇಡಿ. ನಾನು ಕಲಿಸಿದ ಮಕ್ಕಳು ಗೆಲುವಿನ ಭಾಗಕ್ಕೆ ಚಪ್ಪಾಳೆ ತಟ್ಟುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದುದು ಮಾತ್ರ ಸೋಲಿನ ಬಗ್ಗೆ.

ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಮಾಡಿದ ಕಿಂಡಿಯನ್ನು ಮರೆಯದೆ ತೋರಿಸಿ. ಹಗಲಿನಲ್ಲಿ ನಕ್ಷತ್ರ ಕಾಣದು, ನಿಜ. ಆದರೆ ಕಿತ್ತೂರು ಇರುವುದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಧ್ರುವ ನಕ್ಷತ್ರವೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಉತ್ತರಕ್ಕೆ ಮುಖ ಮಾಡಿ ದಿಗಂತದಿಂದ ಒಂದೂವರೆ ಮುಷ್ಟಿ ಮೇಲಕ್ಕೆ ಮಕ್ಕಳೇ ಅಳೆಯಲಿ, ಆಮೇಲೆ ಕಿಂಡಿಗೆ ಕಣ್ಣಿಡಲಿ. ಕಟ್ಟಿದವರ ಲೆಕ್ಕಾಚಾರ ಎಂಥದ್ದೆಂದು ಅವರಿಗೇ ಹೊಳೆಯುತ್ತದೆ. ರಾತ್ರಿ ಬೆಳಗಾವಿಯಲ್ಲಿ ಮೋಡವಿಲ್ಲದಿದ್ದರೆ ಮಾಳಿಗೆ ಹತ್ತಿ ಅದೇ ಅಳತೆಯಲ್ಲಿ ನಕ್ಷತ್ರವನ್ನು ಹುಡುಕಿ.

ಇನ್ನು ಮ್ಯೂಸಿಯಂಗೆ ಹೋಗಿ. ಕತ್ತಿಗಳ ಮುಂದೆ ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ನೀವು ಅರಮನೆಯ ಮರದ ಬಾಗಿಲುಗಳ ಮುಂದೆ ನಿಲ್ಲಿಸಿ. ಈಗಷ್ಟೇ ಓಡಾಡಿ ಬಂದ ಗೋಡೆಗಳಿಗೆ ಇಂಥ ಬಾಗಿಲುಗಳಿದ್ದವು ಎಂದರೆ ಸಾಕು. ಎಲ್ಲವನ್ನೂ ತೋರಿಸುವ ಹಟ ಬೇಡ. ಒಬ್ಬೊಬ್ಬರೂ ತಮಗೆ ಹಿಡಿಸಿದ ಒಂದೇ ವಸ್ತುವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಲಿ.

ತಾಜ್‌ಮಹಲಿನ ಕೀಚೈನಿನ ಸಂಗತಿ ಓದಿ ನನಗೂ ಸಂಕಟವಾಯಿತು. ಊರಿನ ಇತಿಹಾಸ ಹೇಳುವ ಜಾಗದಲ್ಲಿ ಊರಿನದೇ ಒಂದು ವಸ್ತು ಸಿಗಬಾರದೇ? ಮಳಿಗೆ ಕಂಡರೆ ಮೊದಲು ಕನ್ನಡದ ಪುಸ್ತಕಗಳ ಕಡೆ ನೋಡಿ. ಸಣ್ಣ ಊರುಗಳಲ್ಲಿ ಸ್ಥಳೀಯ ಮೇಷ್ಟರುಗಳು ಬರೆದ ತೆಳ್ಳನೆಯ ಪುಸ್ತಿಕೆಗಳಿರುತ್ತವೆ. ಅವು ಬೇರೆಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಈ ಸೀಮೆಯ ಕೈಕೆಲಸವನ್ನೇ ಕೊಳ್ಳಿ: ಗುಳೇದಗುಡ್ಡದ ಖಣ, ಗೋಕಾಕದ ಬಣ್ಣದ ಮರದ ಹಣ್ಣುಗಳು. ಮರಳುವಾಗ ಬಿಡುವಿದ್ದರೆ ಧಾರವಾಡ ತಾಲ್ಲೂಕಿನ ಗರಗಕ್ಕೂ ಹೋಗಿ ಬನ್ನಿ. ರಾಷ್ಟ್ರಧ್ವಜಕ್ಕೆ ಖಾದಿ ನೇಯ್ದ ಊರು ಅದು.

ಪ್ರಶ್ನೆ: ಕಿತ್ತೂರು ಉತ್ಸವದ ದಿನವೇ ಮ್ಯೂಸಿಯಂ ನೋಡಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಅಕ್ಟೋಬರ್ 23ರ ಸುಮಾರಿಗೆ ನಡೆಯುವ ಉತ್ಸವಕ್ಕೆ ಖಂಡಿತ ಹೋಗಿ, ಆದರೆ ಮೆರವಣಿಗೆ ಮತ್ತು ಜನಸಾಗರ ನೋಡಲು. ಮ್ಯೂಸಿಯಂಗೆ ಬೇರೊಂದು ದಿನ ಬೆಳಿಗ್ಗೆಯೇ ಬನ್ನಿ.