ಕಸ್ಟರ್ ಕೌಂಟಿಯ ಹುಲ್ಲುಹೆಂಟೆ ಮನೆಗಳು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯ ಹಳೇ ಫೋಟೋಗಳಲ್ಲಿ ಮನೆಗಳೆಲ್ಲ ಮಣ್ಣಿನವೇ ಯಾಕೆ, ಈಗ ಒಂದಾದರೂ ಉಳಿದಿದೆಯಾ ಅಂತ ಕೇಳಿದ್ದೀರಿ.

ಅದು ಬರೀ ಮಣ್ಣಲ್ಲ, ಹುಲ್ಲಿನ ಬೇರು ಗಟ್ಟಿಯಾಗಿ ಹೆಣೆದುಕೊಂಡ ಹೆಂಟೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ಬಂದು ನೆಲೆಸಿ ಉಳುವವರಿಗೆ ಸರ್ಕಾರದಿಂದ 160 ಎಕರೆ ಸಿಗುತ್ತಿತ್ತು, ಆದರೆ ಆ ಬಯಲಲ್ಲಿ ಮರವೇ ಇಲ್ಲ. ನೇಗಿಲಿನಿಂದ ಹುಲ್ಲುನೆಲವನ್ನು ಪಟ್ಟಿಪಟ್ಟಿಯಾಗಿ ಎಬ್ಬಿಸಿ, ತುಂಡು ಮಾಡಿ, ಹುಲ್ಲಿನ ಬದಿ ಕೆಳಗೆ ಮಾಡಿ ಇಟ್ಟಿಗೆಯಂತೆ ಜೋಡಿಸುತ್ತಿದ್ದರು. ಗೋಡೆ ಎರಡು ಮೂರು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಗೋಳು! ಹೊರಗೆ ಮಳೆ ನಿಂತ ಮೇಲೂ ಒಳಗೆ ಸೋರುತ್ತಿತ್ತು. ಸೂರಿನಿಂದ ಮಣ್ಣು, ಹುಳ, ಒಮ್ಮೊಮ್ಮೆ ಹಾವೂ ಬೀಳುತ್ತಿತ್ತು, ಅದಕ್ಕೇ ಒಳಗೆ ಬಟ್ಟೆ ಕಟ್ಟುತ್ತಿದ್ದರು.

ನೀವು ನೋಡಿದ ಫೋಟೋಗಳು ಬಹುಶಃ ಫೋಟೋಗ್ರಾಫರ್ ಸಾಲೊಮನ್ ಬುಚರ್ ಅವರವು. 1886ರಲ್ಲಿ ಶುರುಮಾಡಿ ಕೌಂಟಿಯೆಲ್ಲ ಸುತ್ತಿದವರು. ಒಂದರಲ್ಲಿ ಮನೆಯೇ ಕಾಣಲ್ಲ, ಹಟ್ಟಿಯ ಅಂಗಳದಲ್ಲಿ ಒಂದು ಆರ್ಗನ್ ವಾದ್ಯ ಇದೆ. ಮಣ್ಣಿನ ಮನೆ ಊರ ಕಡೆಯವರಿಗೆ ಕಾಣಬಾರದು ಅಂತ ಮನೆಯಾಕೆ ಆ ವಾದ್ಯವನ್ನು ಹೊರಗೆ ಹೊರಿಸಿದ್ದಳಂತೆ. ನನಗೆ ಅದೇ ಜಾಸ್ತಿ ಇಷ್ಟ.



ಕೌಂಟಿಯ ಬ್ರೋಕನ್ ಬೋ ಪಟ್ಟಣದ ಹತ್ತಿರ ಎರಡಂತಸ್ತಿನ ಹೆಂಟೆ ಮನೆಯೊಂದು 1960ರ ದಶಕದವರೆಗೂ ನಿಂತಿತ್ತು. ಈಗ ನೋಡಬೇಕಂದ್ರೆ ಕಾಮ್‌ಸ್ಟಾಕ್ ಬಳಿಯ ಡೌಸ್ ಮನೆಗೆ ಹೋಗಿ. 1900ರಲ್ಲಿ ಕಟ್ಟಿದ್ದು, ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ.