ರಜೆಗೆ ಸೇರಿದ ಸೇನಾ ಸೇವೆ ಪಿಂಚಣಿಗೂ ಸೇರಿದೆಯೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

"ಸರ್, ಸೈನ್ಯದ ನಾಲ್ಕು ವರ್ಷ ಆಗಲೇ ನನ್ನ ಸರ್ವಿಸ್‌ಗೆ ಸೇರಿದೆ. ಮತ್ತೆ ಯಾಕೆ ದುಡ್ಡು ಕಟ್ಟಬೇಕು?" 2025ರ ಏಪ್ರಿಲ್‌ನಲ್ಲಿ ಪತ್ನಿಯೊಂದಿಗೆ ನಮ್ಮಲ್ಲಿಗೆ ಸಲಹೆ ಕೇಳಲು ಬಂದ 'ರ' ಅವರ ಮೊದಲ ಪ್ರಶ್ನೆ ಇದು. ದಾವಣಗೆರೆ ಕಡೆಯವರು. ಗ್ರೀನ್ ಕಾರ್ಡ್ ಇದ್ದಾಗ ಅಮೆರಿಕದ ಸೇನೆ ಸೇರಿ 2012ರಿಂದ 2016ರವರೆಗೆ ಪೂರ್ಣಾವಧಿ ಸೇವೆ ಮಾಡಿದ್ದಾರೆ. 2022ರ ಜುಲೈ 18ರಿಂದ ಫೆಡರಲ್ ಸರ್ಕಾರದ ಸಿವಿಲ್ ನೌಕರಿ.

ಅವರ ಕೈಯಲ್ಲಿದ್ದದ್ದು ಎಸ್‌ಎಫ್-50, ಅಂದರೆ ಫೆಡರಲ್ ನೌಕರಿಯ ವಿವರ ದಾಖಲಿಸುವ ನಮೂನೆ. ಅದರ 31ನೇ ಚೌಕದಲ್ಲಿ 2018ರ ಜುಲೈ 18 ಎಂದು ಮುದ್ರಿಸಿತ್ತು, ಅಂದರೆ ಕೆಲಸಕ್ಕೆ ಸೇರಿದ್ದಕ್ಕಿಂತ ಸರಿಯಾಗಿ ನಾಲ್ಕು ವರ್ಷ ಹಿಂದೆ. ಬಹಳ ಜನ ಎಡವುವುದು ಇಲ್ಲೇ. ಅದು ರಜೆ ಲೆಕ್ಕದ ತಾರೀಖು ಮಾತ್ರ. ಎರಡು ವಾರಕ್ಕೆ 4 ಗಂಟೆಯ ಬದಲು 6 ಗಂಟೆ ರಜೆ ಜಮೆಯಾಗುತ್ತಿರುವುದು ಅದರಿಂದಲೇ, ಅದಕ್ಕೆ ಹಣ ಬೇಡ. ಎಫ್‌ಇಆರ್‌ಎಸ್ (ಫೆಡರಲ್ ನೌಕರರ ನಿವೃತ್ತಿ ಯೋಜನೆ) ಪಿಂಚಣಿಯ ಲೆಕ್ಕ ಬೇರೆ. ಠೇವಣಿ ಕಟ್ಟದೆ ಅಲ್ಲಿ ಒಂದು ದಿನವೂ ಸೇರದು.

ಠೇವಣಿ ಎಂದರೆ ಸೇನೆಯ ಮೂಲ ವೇತನದ ಶೇ. 3. ಮನೆ ಬಾಡಿಗೆ, ಊಟದ ಭತ್ಯೆ, ಅಪಾಯ ಭತ್ಯೆ ಲೆಕ್ಕಕ್ಕಿಲ್ಲ. ಇವರ ನಾಲ್ಕು ವರ್ಷದ ಮೂಲ ವೇತನ ಅಂದಾಜು 96,000 ಡಾಲರ್, ಕಟ್ಟಬೇಕಾದದ್ದು 2,880. ಕೊನೆಗೆ ಅವರ ಅತಿ ಹೆಚ್ಚಿನ ಮೂರು ವರ್ಷದ ಸರಾಸರಿ ಸಂಬಳ 90,000 ಆಯಿತೆನ್ನಿ. ವರ್ಷಕ್ಕೆ ಶೇ. 1ರಂತೆ ನಾಲ್ಕು ವರ್ಷಕ್ಕೆ 3,600 ಡಾಲರ್, ಅದೂ ಪ್ರತಿ ವರ್ಷ, ಬದುಕಿರುವವರೆಗೆ. 62 ದಾಟಿ, 20 ವರ್ಷ ಸೇವೆಯೂ ಆಗಿ ನಿವೃತ್ತರಾದರೆ ಶೇ. 1.1.

"ಆ ದುಡ್ಡು ನಾದಿನಿ ಮದುವೆಗೆ ಅಂತ ಎತ್ತಿಟ್ಟಿದ್ದೇವೆ" ಎಂದರು ಪತ್ನಿ. ನ್ಯಾಯವಾದ ಮಾತು. ಗಡುವುಗಳು ಎರಡು ಎಂದು ವಿವರಿಸಿದೆವು. ನೌಕರಿಗೆ ಸೇರಿದ ಮೂರನೇ ವಾರ್ಷಿಕ ದಿನ, ಅಂದರೆ 2025ರ ಜುಲೈ 18ಕ್ಕೆ ಮುಂಚೆ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ. ತಪ್ಪಿದರೆ ಉಳಿದ ಬಾಕಿಗಷ್ಟೇ ಬಡ್ಡಿ. ಸಂಬಳದಿಂದ ಕಂತಿನಲ್ಲೂ ಹೋಗಬಹುದು, ಆಗಲೂ ಲಾಭವೇ. ಮೀರಲೇಬಾರದ ಗಡುವು ಇನ್ನೊಂದು: ನೌಕರಿ ಬಿಡುವ ಮೊದಲು ಪೂರ್ತಿ ಸಂದಾಯವಾಗಿರಬೇಕು.

ಕಾಗದಪತ್ರವನ್ನು ಮಾತ್ರ ಆ ವಾರವೇ ಶುರು ಮಾಡಿ ಎಂದೆವು, ತಡವಾಗುವುದು ಅಲ್ಲೇ. ಮೊದಲು ಡಿಡಿ-214 (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪತ್ರ), ಅದರಲ್ಲೂ 'ಮೆಂಬರ್-4' ಪ್ರತಿ. ಚಿಕ್ಕ ಪ್ರತಿಯಲ್ಲಿ ಸೇವೆ ಗೌರವಯುತವಾಗಿ ಮುಗಿದಿದೆಯೇ ಎಂಬ ಸಾಲೇ ಇರುವುದಿಲ್ಲ, ಹಾಗಾಗಿ ವಾಪಸ್ ಬರುತ್ತದೆ. ಅದರೊಂದಿಗೆ ಆರ್‌ಐ 20-97 ನಮೂನೆಯನ್ನು ಸೇನೆಯ ವೇತನ ಕಚೇರಿಗೆ ಕಳಿಸಿದರೆ ಗಳಿಕೆಯ ಅಂದಾಜು ಬರುತ್ತದೆ. ಅದನ್ನು ಎಸ್‌ಎಫ್ 3108 ಅರ್ಜಿಗೆ ಲಗತ್ತಿಸಿ ತಮ್ಮ ಇಲಾಖೆಯ ಎಚ್‌ಆರ್‌ಗೆ ಕೊಡಬೇಕು. ಹಣ ಪೂರ್ತಿ ಸಂದಾಯವಾದ ಪತ್ರವನ್ನು ಕೇಳಿ ಪಡೆದು ಮನೆಯಲ್ಲೂ ಒಂದು ಪ್ರತಿ ಇಡಬೇಕು. ಇಲಾಖೆ ಬದಲಾಯಿಸಿದಾಗ ಕಡತದಿಂದ ಕಳೆದುಹೋಗುವುದು ಇದೇ ಕಾಗದ.

'ರ' ಅವರಿಗೆ ಇನ್ನೊಂದು ಭ್ರಮೆಯಿತ್ತು: ಸಿವಿಲ್ ನೌಕರಿಯ ಸುಮಾರು ಮೂರು ಮತ್ತು ಸೇನೆಯ ನಾಲ್ಕು ಕೂಡಿ ಏಳು ವರ್ಷವಾಯಿತು, ಪಿಂಚಣಿ ಖಾತ್ರಿಯೆಂದು. ಹಾಗಲ್ಲ, ಸಿವಿಲ್ ಸೇವೆಯೇ 5 ವರ್ಷ ಆಗಲೇಬೇಕು.

ಹೊರಡುವಾಗ ಪತ್ನಿ ಕೇಳಿದರು, "ಕಟ್ಟೋ ಮೊದಲೇ ಇವರಿಗೆ ಏನಾದರೂ ಆದರೆ?" ನೌಕರಿಯಲ್ಲಿರುವಾಗಲೇ ತೀರಿಕೊಂಡರೆ, ಪಿಂಚಣಿಗೆ ಹಕ್ಕಿರುವ ಪತ್ನಿಯೇ ಆ ಠೇವಣಿ ಕಟ್ಟಬಹುದು. ಆದ್ದರಿಂದ ಡಿಡಿ-214 ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಲಿ ಎಂದೆವು.